ಸ್ಲೇಟಿನ ತೂಕ

ಶನಿವಾರ ಹನ್ನೊಂದಕ್ಕೆ ಅವರು ಬರುತ್ತಾರೆ,
ನಾಲ್ಕು ಜನ. ಒಮ್ಮೊಮ್ಮೆ ಮೂರು.
ನನ್ನ ಅಂಚೆ ಕಚೇರಿಯ ಎದುರು, ಕೆಂಪು ಡಬ್ಬಿಯ ಪಕ್ಕ
ಒಂದು ಗಂಟೆ ನಿಂತು ಹೋಗುತ್ತಾರೆ.
ಘೋಷಣೆಯಿಲ್ಲ. ನೆಸ್ಟಾಳ ಮೊಣಕಾಲು ಮಾತ್ರ
ಆಗಾಗ ಏನೋ ಗೊಣಗುತ್ತದೆ.

ಬಟ್ಟೆಯ ಬ್ಯಾನರಿಲ್ಲ, ಇದು ಸ್ಲೇಟಿನ ಊರು.
ವೇಲ್ಸಿನ ಈ ಬೆಟ್ಟವನ್ನು ನಮ್ಮ ಅಜ್ಜಂದಿರು
ಹಾಳೆ ಹಾಳೆಯಾಗಿ ಸೀಳಿ
ಅರ್ಧ ಜಗತ್ತಿನ ಮಾಡಿಗೆ ಹೊದಿಸಿದರು,
ಚೂರುಪಾರನ್ನು ಮಕ್ಕಳ ಕೈಗೆ ಕೊಟ್ಟರು, ಬಳಪದ ಜೊತೆ.
ಮುದುಕ ಇವೋರ್ ತನ್ನ ಚಾವಣಿಯಿಂದ ಕಳಚಿ ತಂದ
ಒಂದು ಹಲಗೆ. ಅದರಲ್ಲಿ 'ಬೇಡ' ಎಂಬುದು ಬಣ್ಣದ್ದು,
ಅಳಿಸುವುದಿಲ್ಲ.
ಮೇಲಿನ ಹೆಸರು ಮಾತ್ರ ಬಳಪದ್ದು.
ಅದು ಬದಲಾಗುತ್ತಿರುತ್ತದಲ್ಲ.

ಇರಾಕ್ ಇತ್ತು, ಬಹಳ ಕಾಲ. ಆಮೇಲೆ ಲೆಬನಾನ್.
ಯೆಮೆನ್ ಬರೆದ ದಿನ ಇವೋರ್ ಕೇಳಿದ,
ಅದು ಎಲ್ಲಿ ಬರುತ್ತೆ?
ನಿನ್ನಪ್ಪ ಸೀಳಿದ ಕಲ್ಲು ಎಲ್ಲೆಲ್ಲಿ ಹೋಯಿತೆಂದು
ಯಾವತ್ತಾದರೂ ಕೇಳಿದ್ದೆಯಾ, ಅಂದಳು ನೆಸ್ಟಾ.

ಮಳೆ ಬಂದರೆ ದೇಶ ಕರಗಿ
ಅವಳ ತೋಳಿನೊಳಗೆ ಇಳಿಯುತ್ತದೆ.
ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಉಗುಳು ಹಚ್ಚಿ
(ಕಿಟಕಿಯಿಂದ ನೋಡಿದ್ದೇನೆ)
ಕೋಟಿನ ತುದಿಯಲ್ಲಿ ಉಜ್ಜಿ ಮತ್ತೆ ಬರೆಯುತ್ತಾಳೆ.

ಹನ್ನೊಂದೂವರೆಗೆ ಗೆಥಿನನ ವ್ಯಾನು.
ನೆಸ್ಟಾಳ ಮಗಳ ಮಗ. ಕೆಳಗಿನ ಕಣಿವೆಯ ಕಾರ್ಖಾನೆಯಲ್ಲಿ ಕೆಲಸ.
ಅಲ್ಲಿ ಒಂದು ತಿರುಪು ಮಾಡುತ್ತಾರೆ,
ಕಿರುಬೆರಳ ಉಗುರಿನಷ್ಟು, ಯಾವುದರದೋ ರೆಕ್ಕೆಗೆ.
ಎರಡು ಸಲ ಹಾರ್ನ್ ಹೊಡೆದು ಹೋಗುತ್ತಾನೆ.
ಹಂಗಿಸುವುದೋ, ಅಜ್ಜಿಗೆ ನಮಸ್ಕಾರವೋ,
ಅವಳೂ ಕೇಳಿಲ್ಲ, ಅವನೂ ಹೇಳಿಲ್ಲ.
ಭಾನುವಾರದ ಊಟ ಅವಳ ಮನೆಯಲ್ಲೇ.

ಆ ತಿರುಪಿನ ಪೊಟ್ಟಣ ತೂಗುವವನು ನಾನು.
ನೂರ ಎಂಬತ್ತು ಗ್ರಾಂ, ಸಹಿ ಬೇಕು. ಠಸ್ಸೆ ಒತ್ತುತ್ತೇನೆ.
ಇದನ್ನು ನನ್ನಲ್ಲಿ ಯಾರೂ ಕೇಳಿಲ್ಲ.

ಹೋದ ಚಳಿಗಾಲ ಒಂದು ಕಾರು ನಡುರಸ್ತೆಯಲ್ಲೇ ನಿಂತಿತು.
ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು, ಮುಅತಸಿಮ್.
ಇಳಿದವರು ಬಾಗಿಲು ಹಾಕಲಿಲ್ಲ.
ಸ್ಲೇಟಿನಲ್ಲಿ ಅಂದು ದೇಶವಲ್ಲ, ಒಂದು ಊರಿತ್ತು:
ಅಲ್ ಫಾಶಿರ್.
ಹಿಂದೆ ಹಾಲಿನ ಲಾರಿ ಅರಚುತ್ತಲೇ ಇತ್ತು.
ಬಳಪ ಕೇಳಿ ತೆಗೆದುಕೊಂಡು, ಬಲದಿಂದ ಎಡಕ್ಕೆ,
ತಮ್ಮ ಊರನ್ನು ತಮ್ಮ ಅಕ್ಷರದಲ್ಲಿ ಕೆಳಗೆ ಬರೆದರು.
ತಂಗಿ ಇಖ್ಲಾಸ್ ಅಲ್ಲಿ ಟೀಚರಾಗಿದ್ದಳಂತೆ.
ಈಗ ಗಡಿಯಾಚೆ, ಚಾಡ್ ದೇಶದ ಡೇರೆಯಲ್ಲಿ
ಎಪ್ಪತ್ತು ಮಕ್ಕಳಿಗೆ ಮರಳಿನ ಮೇಲೆ ಕಡ್ಡಿಯಲ್ಲಿ
ತಿದ್ದಿಸುತ್ತಾಳಂತೆ.

ಮಾರ್ಚಿಯಲ್ಲಿ ನಮ್ಮ ಹಳೆಯ ಗಣಿಯ ರಾಶಿ ಜಾರಿತು.
ರಾತ್ರಿ ಎರಡಕ್ಕೆ. ಮೂರು ಮನೆ.
ಐರ್ವೆನ್, ಅವಳ ನಾಯಿ.
ಲಂಡನ್ನಿನಿಂದ ಅಚ್ಚು ಮಾಡಿದ ಸಂತಾಪ ಬಂತು;
ಹೊರಗಿನವರ ನಾಲಿಗೆಗೆ ಸಿಗದ ಹೆಸರು ನಮ್ಮೂರದು,
ಒಂದು ಅಕ್ಷರ ತಪ್ಪಿತ್ತು.
ನೆಸ್ಟಾ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದಳು.
ಅಂಚೆಚೀಟಿಗೆ ನಾನು ದುಡ್ಡು ತೆಗೆದುಕೊಂಡೆ.

ಮರುವಾರ ಡಾಕ್ಟರ ಫೋನಿನಲ್ಲಿ ಒಂದು ಚಿತ್ರ.
ಕಣ್ಣು ಕಿರಿದಾಗಿಸುವ ಬಿಸಿಲು, ಸಾಲು ನಿಂತ ಮಕ್ಕಳು,
ರೇಷನ್ ಪೆಟ್ಟಿಗೆ ಹರಿದ ರಟ್ಟಿನ ಮೇಲೆ
ನಮ್ಮೂರ ಹೆಸರು.
ನಾಲ್ಕು ತಪ್ಪು.
ನೆಸ್ಟಾ ಕನ್ನಡಕ ಏರಿಸಿ ನೋಡಿದಳು, ಮತ್ತೆ ನೋಡಿದಳು.
ಒಂದನ್ನೂ ತಿದ್ದಲಿಲ್ಲ.

ಮೊನ್ನೆ ಆಲಿಕಲ್ಲಿಗೆ ಒಳಗೆ ಬಂದರು, ಮೊದಲ ಸಲ.
ಬೇರೆ ಜಾಗವಿಲ್ಲದೆ ಸ್ಲೇಟನ್ನು ತಕ್ಕಡಿಯ ಮೇಲಿಟ್ಟರು.
ನಾಲ್ಕು ಕಿಲೋ ಮುನ್ನೂರ ಹತ್ತು.
ಅಭ್ಯಾಸಬಲ. ಒದ್ದೆ ಹೆಸರನ್ನು ನಾನೇ ಒರೆಸಿದೆ,
ಮತ್ತೆ ನೋಡಿದೆ:
ನಾಲ್ಕು ಕಿಲೋ ಮುನ್ನೂರ ಹತ್ತು.

ನಿನ್ನ ಅಕ್ಷರ ದುಂಡಗಿದೆ, ನೀನೇ ಬರಿ,
ಎಂದು ನೆಸ್ಟಾ ಬಳಪ ಚಾಚಿದಳು.
ಹೊರಗೆ ಹಾರ್ನು. ಇವತ್ತು ಒಂದೇ ಸಲ.
ಬುಟ್ಟಿಯಲ್ಲಿ ಆ ಪೊಟ್ಟಣ, ಠಸ್ಸೆ ಬಿದ್ದಿರಲಿಲ್ಲ ಇನ್ನೂ.

ಯಾವ ಹೆಸರು, ಎಂದೆ.
ಅವಳು ನನ್ನ ಮುಖ ನೋಡಿದಳು:
ಬೆಳಿಗ್ಗೆ ರೇಡಿಯೋ ಹಾಕಲಿಲ್ಲವಾ?