ಆರನೆಯ ಬಾಬತ್ತು

ಟೌನ್ ಹಾಲಿನ ಎರಡನೇ ಮಹಡಿ. ಹೀಟರು ಕೆಟ್ಟು ಮೂರು ವಾರ.
ಕೋಟು ಬಿಚ್ಚದೆ ಕೂತಿದ್ದಾರೆ ಒಂಬತ್ತು ಮಂದಿ ಸದಸ್ಯರು.
ಬಿಸ್ಕತ್ತಿನ ತಟ್ಟೆ ಕೈಯಿಂದ ಕೈಗೆ ದಾಟಿ
ನನ್ನ ತನಕ ಬರುವಾಗ ಬರೀ ಪುಡಿ.
ನಾನು ಗುಮಾಸ್ತೆ. ಹೇಳಿದ್ದನ್ನು ಬರೆಯುವವಳು.
ಹೇಳದೆ ನುಂಗಿದ್ದು ನನ್ನ ಬಾಬತ್ತಲ್ಲ.

ಐದನೆಯದು ಪಾರಿವಾಳಗಳ ಕಾಟ: ನಲವತ್ತು ನಿಮಿಷ.
ಆರನೆಯದು ಆಸ್ಪತ್ರೆಯಿಂದ ಮನೆಗೆ: ಇಪ್ಪತ್ತು.

ಪರದೆಯ ಮೇಲೊಂದು ಚಿತ್ರ ಬಂತು.
ನೀಲಿ ಡಬ್ಬಿ ಆಸ್ಪತ್ರೆ, ಹಸಿರು ಡಬ್ಬಿ ಕೌನ್ಸಿಲ್ಲು,
ನಡುವೆ ಒಂದು ಬಾಣ, ದಪ್ಪಗೆ, ನುಣ್ಣಗೆ, ನೆಟ್ಟಗೆ.
"ಈಗ ನಾವು ಒಂದೇ ತಂಡ" ಎಂದರು ಆಸ್ಪತ್ರೆಯ ಗಾಸ್ಕಾರ್ತ್.
ಕೌನ್ಸಿಲ್ಲಿನ ಮಿಸ್ ಒಸಾಗಿ ತಲೆಯಾಡಿಸಿದರು,
ಅರ್ಧ.
"ಬಿಡುಗಡೆಯ ವಿಳಂಬ ಶೇಕಡ ಹದಿನೆಂಟು ಇಳಿದಿದೆ."
ಬರೆದುಕೊಂಡೆ: ಇಳಿದಿದೆ.

ಅಧ್ಯಕ್ಷೆ ಹೆಟ್ಟಿ ಓಲ್ಡ್‌ರಾಯ್ಡ್, ವಯಸ್ಸು ಎಪ್ಪತ್ತೊಂದು,
ಮೂವತ್ತು ವರ್ಷ ಕೋಟಿನ ಕಾರ್ಖಾನೆಯಲ್ಲಿ
ತೋಳು ಕೂಡಿಸಿದವಳು,
ಕನ್ನಡಕ ಹಣೆಗೇರಿಸಿ ಕೇಳಿದಳು:
"ಆ ಬಾಣದ ಒಳಗೆ ಯಾರಿದ್ದಾರೆ?"

ಪ್ರೊಜೆಕ್ಟರಿನ ಫ್ಯಾನು ಮಾತ್ರ ಗೊರಗುಟ್ಟಿತು.

"ನಾನೇ ಹೇಳ್ತೀನಿ. ನವೆಂಬರಿನ ಒಂದು ಶುಕ್ರವಾರ,
ರಾತ್ರಿ ಒಂಬತ್ತೂಕಾಲು. ಬಾಣದ ಒಳಗೆ ಸೆಲ್ವಿನ್ ಕ್ರಾಬ್‌ಟ್ರೀ.
ನಿಮ್ಮ ವಾರ್ಡಿನಿಂದ ನನ್ನ ವಾರ್ಡಿಗೆ ಹೊರಟವನು.
ಸೊಂಟದಲ್ಲಿ ಹೊಸ ಕೀಲು, ಮೈಮೇಲೆ ಆಸ್ಪತ್ರೆಯ ಗೌನು,
ಅದರ ಮೇಲೆ ಯಾರದೋ ಹೆಂಗಸಿನ ಕಾರ್ಡಿಗನ್.
ಮನೆಯ ಬೀಗದಕೈ ನಿಮ್ಮ ನಾಲ್ಕನೇ ಮಹಡಿಯ ಕಪಾಟಿನಲ್ಲೇ ಉಳಿದಿತ್ತು.
ಆಂಬುಲೆನ್ಸಿನ ಹುಡುಗರು ಪಕ್ಕದ ಮನೆಯ ಬೆಲ್ಲು ಒತ್ತಿದರು.
ಯಾರೂ ತೆರೆಯಲಿಲ್ಲ.
ಒಬ್ಬ ಅಡುಗೆಮನೆಯ ಕಿಟಕಿಯಿಂದ ಇಳಿದ.
ಗ್ಯಾಸ್ ಮೀಟರಿನಲ್ಲಿ ದುಡ್ಡು ಮುಗಿದಿತ್ತು. ಮಂಚ ಮಹಡಿಯ ಮೇಲೆ.
ವಾಕರ್ ಬರಬೇಕಾದ್ದು ಸೋಮವಾರ, ಆರೈಕೆಯ ಹುಡುಗಿ ಬುಧವಾರ.
ನಿಮ್ಮ ಪಟ್ಟಿಯಲ್ಲಿ ಅವನು ಯಶಸ್ವಿ.
ನಾನು ಸೋಮವಾರ ಹೋದಾಗ ಅದೇ ಕುರ್ಚಿಯಲ್ಲಿದ್ದ."

ಗಾಸ್ಕಾರ್ತ್ ಕಡತ ಬಿಡಿಸಿದರು:
"ಫಾರಂ ಕಳಿಸಿದ್ದೆವು, ಮೂರು ಗಂಟೆಗೇ."
"ನಮಗೆ ಮುಟ್ಟಿದ್ದು ಐದೂವರೆಗೆ," ಮಿಸ್ ಒಸಾಗಿ,
"ಕಚೇರಿ ಮುಚ್ಚುವುದು ಐದಕ್ಕೆ."
ಎತ್ತು ಏರಿಗೆ, ಕೋಣ ನೀರಿಗೆ.
ನೊಗ ಮಾತ್ರ ಹೊಚ್ಚಹೊಸದು,
ಅದಕ್ಕೊಂದು ಲಾಂಛನ ಬೇರೆ.

ಆಗ ಹೆಟ್ಟಿ ಆ ಚಳಿಯಲ್ಲಿ ಕೋಟು ಬಿಚ್ಚಿ
ಒಳಹೊರಗು ಮಾಡಿ ಮೇಜಿನ ಮೇಲೆ ಹರಡಿದಳು.
"ಹೊರಗಿಂದ ಎಲ್ಲ ಹೊಲಿಗೆಯೂ ಚಂದ.
ತೋಳು ಕಿತ್ತು ಬರುವುದು ಕಂಕುಳಲ್ಲಿ.
ನಮ್ಮ ಮೇಲ್ವಿಚಾರಕಿ ಹತ್ತರಲ್ಲಿ ಒಂದನ್ನು
ತಿರುವಿ, ಜಗ್ಗಿ ನೋಡುತ್ತಿದ್ದಳು.
ಹತ್ತನ್ನೂ ನೋಡಲು ಪುರುಸೊತ್ತಿರಲಿಲ್ಲ.
ಕೆಲವು ಹಾಗೇ ಹೋದವು. ನಾನು ಹೊಲಿದವೂ."

ನಿರ್ಣಯ: ಮುಂದಿನ ವರದಿಯಲ್ಲಿ ಬಾಣಕ್ಕೆ ಗಡಿಯಾರ ಇರತಕ್ಕದ್ದು.
ಇಬ್ಬರು ಸದಸ್ಯರು ಒಂದು ಶುಕ್ರವಾರ ರಾತ್ರಿ
ಆಸ್ಪತ್ರೆಯ ಬಾಗಿಲಲ್ಲಿ ನಿಂತು ನೋಡತಕ್ಕದ್ದು.
'ಬಾಣ' ಬೇಡ, 'ಹಸ್ತಾಂತರ' ಎನ್ನಿ, ಎಂದರು ಗಾಸ್ಕಾರ್ತ್.
ತಿದ್ದಿದೆ.

ಆ ಪಕ್ಕದ ಮನೆ ನನ್ನದು.
ರಾತ್ರಿ ಒಂಬತ್ತರ ಮೇಲೆ ಬೆಲ್ಲಾದರೆ
ನಾನು ದೀಪ ಆರಿಸುತ್ತೇನೆ. ಒಬ್ಬಳೇ ಇರುವವಳು.
ಅವತ್ತೂ ಆರಿಸಿದೆ. ಗೋಡೆಯಾಚೆ
ಏನೋ ಎಳೆದ ಸದ್ದು; ಟೀವಿ ಜೋರು ಮಾಡಿದೆ.

ಎಲ್ಲ ಎದ್ದು ಹೋದ ಮೇಲೆ ಹೆಟ್ಟಿ ಕರಡು ಓದಿದಳು,
ಒಂದು ಸಾಲಿನ ಮೇಲೆ ಬೆರಳಿಟ್ಟು ತಡೆದಳು.
"ಪಕ್ಕದ ಮನೆಯವರು ಬಾಗಿಲು ತೆರೆಯಲಿಲ್ಲ...
ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ತೆಗೆದರೂ ನಡೆಯುತ್ತೆ."
ನನ್ನ ಮುಖ ನೋಡದೆ ಹೇಳಿದಳು.

ತೆಗೆಯಲಿಲ್ಲ.