ಜನವರಿ ಒಂದು

ಮಡಿಕೇರಿಯ ಮಹಿಳಾ ನಿಲಯದಲ್ಲಿ
ನಮಗೆ ಕೊಟ್ಟದ್ದು ನಲವತ್ತು ನಿಮಿಷ,
ಕಾಲು ಅಲುಗುವ ಒಂದು ಮೇಜು.
ಮೂರನೇ ವರ್ಷದ ಎಲ್‌ಎಲ್‌ಬಿ, ನಾವಿಬ್ಬರು.
ಸಫ್ವಾನನ ಕೋಟು ಅವನ ಅಣ್ಣನದು,
ನನ್ನ ಪೆನ್ನಿಗೆ ಮಂಜಿನ ಶೀತ,
ಎರಡು ಸಲ ಕೊಡವಿದರೆ ಒಂದು ಅಕ್ಷರ.

ಸೆನೋವಾರಾ ತನ್ನ ಮಾತಲ್ಲಿ ಹೇಳುತ್ತಾಳೆ.
ಎಸ್ಟೇಟಿನ ಅಡುಗೆಯವ, ಸಿಲ್ಚಾರಿನವ,
ಅದನ್ನು ಹಿಂದಿ ಮಾಡುತ್ತಾನೆ,
ಸಫ್ವಾನ್ ಕನ್ನಡ ಮಾಡುತ್ತಾನೆ,
ನಾನು ಇಂಗ್ಲಿಷಿನಲ್ಲಿ ಬರೆಯುತ್ತೇನೆ.
ಅಷ್ಟರಲ್ಲಿ ಅವಳ ಸುಟ್ಟ ಮನೆ
'ಆಸ್ತಿ ನಷ್ಟ' ಆಗಿರುತ್ತದೆ.

ಹುಟ್ಟಿದ ತಾರೀಕು?
ಗದ್ದೆಗೆ ಉಪ್ಪುನೀರು ನುಗ್ಗಿದ ವರ್ಷ, ಎಂದಳು.
ಅಡುಗೆಯವ ನಕ್ಕ. ನನಗೆ ನಗು ಬರಲಿಲ್ಲ.
ನನ್ನಜ್ಜಿ ಹುಟ್ಟಿದ್ದು ಪುತ್ತರಿಯ ಕದಿರು ತೆಗೆದ ಮರುವಾರ,
ಯಾವ ವರ್ಷದ ಪುತ್ತರಿಯೋ ಇಗ್ಗುತಪ್ಪನೇ ಬಲ್ಲ.
ಆಧಾರಿನವರು ಕೊಟ್ಟದ್ದು ಜನವರಿ ಒಂದು.
ಅದನ್ನೇ ಬರೆದೆ.

ಗುರುತಿನ ಕಾಗದ?
ಕೈ ಬೋರಲು ಮಾಡಿದಳು.
ನಮ್ಮ ಐನ್‌ಮನೆಯ ನಡುಗೋಡೆಯಲ್ಲಿ
ಅಜ್ಜನ ಕೋವಿ ತೂಗುತ್ತಿದೆ,
ಗುಂಡು ಹಾರಿಸಿ ಹನ್ನೆರಡು ವರ್ಷ.
ಅದಕ್ಕೂ ಒಂದು ವಿನಾಯಿತಿ ಪತ್ರವಿದೆ, ಮೊಹರಿದೆ,
ಒದ್ದೆಯಾಗದಂತೆ ಪ್ಲಾಸ್ಟಿಕ್ ಕವರಿದೆ.
ಇದನ್ನು ಯಾವ ಭಾಷೆಗೂ ದಾಟಿಸಲಿಲ್ಲ.

ಮಗು ಅರ್ಜಿಯ ಬೆನ್ನಿಗೆ ಗೀಚುತ್ತಿತ್ತು:
ಲೈನ್‌ಮನೆ, ಒಳ್ಳೆಮೆಣಸಿನ ಬಳ್ಳಿ, ಏಣಿ,
ಏಣಿಯ ತುದಿಗೆ ಅಪ್ಪ.
ಅಪ್ಪನನ್ನು ಬೇರೆ ವ್ಯಾನಿನಲ್ಲಿ ಒಯ್ದಿದ್ದಾರೆ.
ನಿನ್ನ ಊರು ಯಾವುದು ಪುಟ್ಟಿ?
'ಸಿದ್ದಾಪುರ' ಎಂದಿತು, ತಲೆಯೆತ್ತದೆ,
ಸ್ಪಷ್ಟ ಕನ್ನಡದಲ್ಲಿ.

ಆ ಖಾನೆಯಲ್ಲಿ ಏನು ಬರೆಯಲಿ?
ಸಫ್ವಾನನ ಕಡೆ ನೋಡಿದೆ.
ಅವನು ಬಗ್ಗಿ
ಮೇಜಿನ ಕಾಲಿಗೆ ರಟ್ಟು ತುರುಕುತ್ತಿದ್ದ.