ಮೂರನೇ ಪ್ಯಾರಾ

ಡಿಸೆಂಬರಿನಲ್ಲಿ ಬಂದ ಪತ್ರದ ಮೊದಲ ಸಾಲು
ಒಡೆಟ್ ಮಿಶೋಗೆ ಬಾಯಿಪಾಠ.
ಅವಳಪ್ಪ ಅದನ್ನು ಬೇಕರಿಯ ಗಲ್ಲಾಪೆಟ್ಟಿಗೆಗೆ ಅಂಟಿಸಿದ.
ಬ್ರೆಡ್ಡಿಗೆ ಬಂದವರೆಲ್ಲ ಓದಿದರು, ಬೆನ್ನು ತಟ್ಟಿದರು,
ಚಿಲ್ಲರೆ ಮರೆತು ಹೋದರು.
ಮೂರನೇ ಪ್ಯಾರಾದ ತನಕ ಯಾರೂ ಇಳಿಯಲಿಲ್ಲ.
ಅಲ್ಲಿ ಬಲು ವಿನಯದಿಂದ
ಒಂದು 'ಆದರೆ' ಕಾಲು ಮಡಚಿ ಕೂತಿತ್ತು:
ಕೊನೆಯ ವರ್ಷವನ್ನೂ ಹೀಗೆಯೇ ಮುಗಿಸಿದರೆ.

ನನಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷದಿಂದ
ಈ ಶಾಲೆಯ ಸಲಹೆಗಾರ್ತಿ ನಾನು.
ಬಾಯ್ಲರ್ ಕೋಣೆಗೆ ತಾಗಿದ ನನ್ನ ಆಫೀಸಿಗೆ
ಮಕ್ಕಳು ಬರುವುದು ಅರ್ಧ ಸಲಹೆಗೆ, ಅರ್ಧ ಬಿಸಿಗೆ.
ಅವಳಿಗೆ ಎಚ್ಚರಿಕೆ ಹೇಳಿದ್ದೆನೇ?
ಹೇಳಿದ್ದೆ. ಒಮ್ಮೆ. ಕಾರಿಡಾರಿನಲ್ಲಿ,
ಇನ್ಯಾರದೋ ಫಾರ್ಮು ಹಿಡಿದು ಓಡುತ್ತ.

ಜನವರಿಯಲ್ಲಿ ಕ್ಯಾಲ್ಕುಲಸ್‌ಗೆ ಬಿ.
ಮಾರ್ಚಿನಲ್ಲಿ ಸಿ.
ಮೇ ಹೊತ್ತಿಗೆ ಡಿ, ಜೊತೆಗೆ ಕೆಮಿಸ್ಟ್ರಿಯೂ.
ಅಕ್ಷರ ಕಲಿಯುವ ಮಗುವಿನ ಹಾಗೆ
ಒಂದೊಂದೇ ಮುಂದಕ್ಕೆ ಹೋದಳು ಹುಡುಗಿ.
ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರಲ್ಲ,
ದೋಣಿ ಇನ್ನೂ ನಡುಹೊಳೆಯಲ್ಲಿತ್ತು,
ಅವಳು ಆಗಲೇ ಚಪ್ಪಲಿ ಹಾಕಿಕೊಂಡು ಎದ್ದು ನಿಂತಿದ್ದಳು.

ಜೂನ್ ಹದಿನೆಂಟಕ್ಕೆ ಅಂತಿಮ ಅಂಕಪಟ್ಟಿ ಕಳಿಸುವುದು ನನ್ನದೇ ಕೆಲಸ.
ಗುಂಡಿ ಒತ್ತುವ ಮುಂಚೆ ಒಂದು ಚಹಾ ಕುಡಿದೆ.
ಆಮೇಲೆ ಇನ್ನೊಂದು.
ಒತ್ತಿದೆ.

ಎರಡು ವಾರಕ್ಕೆ ಕಾಲೇಜು ಕೇಳಿತು: ಕಾರಣವೇನು?
ಹತ್ತು ದಿನದೊಳಗೆ, ಒಂದು ಪುಟ ಮೀರದಂತೆ.

"ಅಜ್ಜಿ ತೀರಿಕೊಂಡರಲ್ಲ, ಅದನ್ನು ಬರಿ" ಎಂದೆ.
(ಹತ್ತೊಂಬತ್ತು ವರ್ಷ ಇದೂ ಕಲಿಸುತ್ತದೆ.)
ಒಡೆಟ್ ನನ್ನ ಸ್ಟೇಪ್ಲರನ್ನು ತೆರೆದಳು, ಮುಚ್ಚಿದಳು.
"ಅಜ್ಜಿ ಹೋದದ್ದು ಅಕ್ಟೋಬರಿನಲ್ಲಿ.
ಆವಾಗ ನನಗೆ ಎಲ್ಲದರಲ್ಲೂ ಎ.
ಸತ್ತವಳ ತಲೆಗೆ ಹೇಗೆ ಕಟ್ಟಲಿ?"

ಮತ್ತೇನಾಯಿತು ಹಾಗಾದರೆ?
ಏನೂ ಆಗಲಿಲ್ಲವಂತೆ.
ಆರನೇ ತರಗತಿಯಿಂದ ಓಡುತ್ತಿದ್ದವಳು
ಪತ್ರ ಬಂದ ರಾತ್ರಿ ಮೊದಲ ಸಲ ಹತ್ತು ಗಂಟೆ ನಿದ್ದೆ ಮಾಡಿದಳಂತೆ.
ಆ ನಿದ್ದೆಯ ರುಚಿ ಹತ್ತಿತಂತೆ.
ಚಿಕ್ಕಪ್ಪನ ಮೀನುಗುಡಿಸಲಿನಲ್ಲಿ, ಹೆಪ್ಪುಗಟ್ಟಿದ ಕೆರೆಯ ಮೇಲೆ,
ಮಂಜುಗಡ್ಡೆಗೆ ಕೊರೆದ ತೂತು ನೋಡುತ್ತ
ಇಡೀ ಫೆಬ್ರವರಿ ಕೂತಳಂತೆ.
"ಮೀನು ಸಿಕ್ಕಿತಾ?"
"ಎರಡು. ಎರಡನ್ನೂ ಬಿಟ್ಟೆ."
ಏಪ್ರಿಲಿನಲ್ಲಿ ಸೇಂಟ್ ಜಾನ್ ನದಿಯ ಹಿಮ ಒಡೆದ ದಿನ
ಪರೀಕ್ಷೆ ಬಿಟ್ಟು ಸೇತುವೆಯ ಮೇಲೆ ನಿಂತಿದ್ದಳು,
ಕೆನಡಾ ಕಡೆಯ ದಡಕ್ಕೆ ಮನೆಯಷ್ಟು ದೊಡ್ಡ ತುಂಡುಗಳು
ಡಿಕ್ಕಿ ಹೊಡೆಯುವ ಸದ್ದಿಗೆ.
"ಹದಿನೇಳು ವರ್ಷ ಅದರ ಪಕ್ಕದಲ್ಲೇ ಇದ್ದೆ,
ಒಮ್ಮೆಯೂ ಕೇಳಿರಲಿಲ್ಲ."

ಅದನ್ನೇ ಬರೆದಳು. ಮುಕ್ಕಾಲು ಪುಟ.
ನಾನು ಒಂದು ಕಾಗುಣಿತ ತಿದ್ದಿದೆ, ಅಷ್ಟೇ.
ತಿದ್ದಬೇಕಾದ್ದು ಬೇರೆ ಇತ್ತೇನೋ,
ಅದು ನನಗೂ ಬರುವುದಿಲ್ಲ.

ಆಗಸ್ಟಿನಲ್ಲಿ ಬ್ರೆಡ್ಡಿಗೆ ಹೋದೆ.
ಗಲ್ಲಾಪೆಟ್ಟಿಗೆಯ ಮೇಲೆ ಟೇಪಿನ ನಾಲ್ಕು ಮೂಲೆ,
ನಡುವೆ ಹಿಟ್ಟಿನ ಧೂಳು ಕೂರದ ಒಂದು ಚೌಕ.
ಅಪ್ಪ ಒಲೆಯ ಕಡೆ ಮುಖ ಮಾಡಿ ನಿಂತಿದ್ದ, ತಿರುಗಲಿಲ್ಲ.
ಕೌಂಟರಿನಲ್ಲಿ ಒಡೆಟ್, ಮೊಣಕೈವರೆಗೆ ಹಿಟ್ಟು.

"ಉತ್ತರ ಬಂತು" ಎಂದಳು.
"ಈ ಸಲ ಪೂರ್ತಿ ಓದಿದೆ.
ಸೀಟು ವಾಪಸು ತೆಗೆದುಕೊಂಡರಂತೆ, ಅದು ಮೊದಲ ಸಾಲು.
ಮೂರನೇ ಪ್ಯಾರಾದಲ್ಲಿ ಮತ್ತೆ ಒಂದು 'ಆದರೆ' ಇದೆ.
ಒಂದು ವರ್ಷ ಬೇರೆಲ್ಲಾದರೂ ಓದಿ, ಅಂಕ ತೋರಿಸಿ,
ಇನ್ನೊಮ್ಮೆ ಅರ್ಜಿ ಹಾಕಬಹುದಂತೆ."

ಹಾಕುತ್ತೀಯಾ?
ಭುಜ ಕುಣಿಸಿದಳು.
ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿದಳು, ದಾರ ಎರಡು ಸುತ್ತು.
ನನ್ನ ಅಂಗೈಯಲ್ಲಿ ಚಿಲ್ಲರೆ ಇಟ್ಟು, ಕೈ ಬಿಡದೆ,
"ಎಣಿಸಿಕೊಳ್ಳಿ" ಎಂದಳು.